ಕಣ್ಣಿಲ್ಲದವರಿಗೆ ಜೊತೆಯಾದ ನಾಯಿ

(ಅಹಮದಾಬಾದಿನಲ್ಲಿ ಕನ್ನಡ ಹೋಟೆಲ್ ಹಾಗೂ ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಹಲಗೆಯ ಮೇಲೆ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಸಂಬಳ, ಬೋನಸ್ಸು, ಪಾಳಿ, ಇರಲು ಕೋಣೆ, ಇಷ್ಟೆಲ್ಲ ವಿಷಯಗಳು ಬಾಕಿ ಇರುವಾಗ ನಾಯಿಯ ಮೇಲೆ ಭಾಷಣವೇ ಎಂದು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ನಾಯಿಯ ನೆಪದಲ್ಲಿ ನಾನು ಆಡಬೇಕೆಂದಿರುವುದು ಮನುಷ್ಯರ ಮಾತು. ಕಣ್ಣು ಕಾಣದವರು, ಕಿವಿ ಕೇಳದವರು, ಕೈಕಾಲು ಕಳೆದುಕೊಂಡವರು ನಮ್ಮ ಮನೆಗಳಲ್ಲಿಯೂ ಇದ್ದಾರೆ, ನಮ್ಮ ಖಾತೆಗಳಲ್ಲಿಯೂ ಇದ್ದಾರೆ. ಇಂದು ಗಟ್ಟಿಮುಟ್ಟಾಗಿರುವ ನಮ್ಮಲ್ಲಿ ಯಾರಿಗೆ ನಾಳೆ ಆ ಸ್ಥಿತಿ ಬರುವುದೋ ಹೇಳಬಲ್ಲವರಾರು? ತಿರುಗುವ ಯಂತ್ರದ ಪಕ್ಕದಲ್ಲಿ, ಕುದಿಯುವ ಎಣ್ಣೆಯ ಪಕ್ಕದಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಹೊಟ್ಟೆಪಾಡಿಗಾಗಿ ಬಂದು ನೆಲೆಸಿರುವ ಈ ಗುಜರಾತು ಜೀವದಯೆಗೆ ಹೆಸರಾದ ನಾಡು. ಬೆಳಗಿನ ಹೊತ್ತು ಹಳೆಯ ಪೇಟೆಯ ಪೋಳಗಳಲ್ಲಿ ನಡೆದರೆ, ಆಕಳಿಗೆ ಒಂದು ರೊಟ್ಟಿ, ನಾಯಿಗೆ ಒಂದು ರೊಟ್ಟಿ ತೆಗೆದಿಡುವ ತಾಯಂದಿರನ್ನು ಕಾಣುತ್ತೇವೆ. ಇದೇ ಅಹಮದಾಬಾದಿನಲ್ಲಿ 1926ರಲ್ಲಿ ನಾಯಿಗಳನ್ನು ಕುರಿತು ದೊಡ್ಡದೊಂದು ವಾದ ನಡೆಯಿತು. ಗಿರಣಿ ಮಾಲೀಕರಾದ ಅಂಬಾಲಾಲ್ ಸಾರಾಭಾಯಿಯವರು ತಮ್ಮ ಗಿರಣಿಯ ಆವರಣದಲ್ಲಿ ಸೇರಿಕೊಂಡಿದ್ದ 60 ಬೀದಿನಾಯಿಗಳನ್ನು, ಹುಚ್ಚುನಾಯಿಯ ಭಯದಿಂದ, ಕೊಲ್ಲಿಸಿಬಿಟ್ಟರು. ಮನಸ್ಸಿಗೆ ಸಮಾಧಾನವಾಗದೆ ಗಾಂಧೀಜಿಯವರ ಬಳಿಗೂ ಹೋದರು. ಜೀವದಯೆಯವರು ಗಾಂಧೀಜಿಗೆ ಪತ್ರ ಬರೆದು ಉತ್ತರ ಕೇಳಿದರು. ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಒಂದರ ಹಿಂದೊಂದು ಲೇಖನ ಬರೆದರು, ಸಿಟ್ಟಿನ ಪತ್ರಗಳೂ ರಾಶಿಯಾಗಿ ಬಂದವು.

ಕೊಂದದ್ದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನೀಗ ಹೋಗುವುದಿಲ್ಲ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಲಸಿಕೆ ಹಾಕಿಸಬೇಕೆಂಬುದು ಇಂದಿನ ನಿಯಮ. ಆ ಲೇಖನಗಳಲ್ಲಿದ್ದ ಇನ್ನೊಂದು ವಿಚಾರ ನಮಗೆ ಮುಖ್ಯ. ಒಡೆಯನಿಲ್ಲದೆ ಅಲೆಯುವ ನಾಯಿಗೆ ತುತ್ತೊಂದನ್ನು ಎಸೆದು ಪುಣ್ಯ ಬಂತೆಂದು ತಿಳಿಯುವುದು ಸರಿಯಾದ ದಯೆಯಲ್ಲ, ನಾಯಿಯ ಮೇಲೆ ಪ್ರೀತಿಯಿದ್ದವನು ಅದನ್ನು ಸಾಕಿ ಅದರ ಹೊಣೆ ಹೊರಬೇಕು ಎಂಬುದು ಅವರ ಅಭಿಪ್ರಾಯದ ಸಾರ.

ಈ ವಿಚಾರವನ್ನು ಮನುಷ್ಯರಿಗೂ ಹಚ್ಚಿ ನೋಡಿರಿ. ಗುಡಿಯ ಬಾಗಿಲಲ್ಲಿ ಕುಳಿತ ಕುರುಡನ ತಟ್ಟೆಗೆ ನಾಣ್ಯ ಹಾಕಿ ನಾವು ಮುಂದೆ ಹೋಗುತ್ತೇವೆ. ನಾಣ್ಯ ಸದ್ದು ಮಾಡುತ್ತದೆ, ನಮ್ಮ ಮನಸ್ಸು ಹಗುರಾಗುತ್ತದೆ. ಆದರೆ ಅವನು ಮಾತ್ರ ಕುಳಿತಲ್ಲೇ ಇದ್ದಾನೆ. ಅವನು ಎದ್ದು ನಡೆಯಲು, ದುಡಿಯಲು, ನಮ್ಮ ಹಾಗೆ ಹೋಟೆಲಿಗೆ ಬಂದು ಕಾಸು ಕೊಟ್ಟು ಕಾಫಿ ಕುಡಿಯಲು ಏನು ಬೇಕು? ಈ ಪ್ರಶ್ನೆಯನ್ನು ಕೇಳಿದವರಿಂದಲೇ ನಾಯಿಯ ಈ ವಿದ್ಯೆ ಬೆಳೆಯಿತು.

ಮೊದಲನೆಯ ಮಹಾಯುದ್ಧದಲ್ಲಿ ವಿಷದ ಗಾಳಿಯಿಂದಲೂ ಸಿಡಿಗುಂಡುಗಳಿಂದಲೂ ಸಾವಿರಾರು ಸೈನಿಕರು ಕಣ್ಣು ಕಳೆದುಕೊಂಡರು. ಜರ್ಮನಿಯಲ್ಲಿ ಡಾಕ್ಟರ್ ಗೆರ್ಹಾರ್ಡ್ ಸ್ಟಾಲಿಂಗ್ ಎಂಬವರು ಒಮ್ಮೆ ತಮ್ಮ ನಾಯಿಯನ್ನು ಒಬ್ಬ ಅಂಧ ರೋಗಿಯ ಬಳಿ ಬಿಟ್ಟು ಹೋಗಿದ್ದರಂತೆ. ತಿರುಗಿ ಬಂದು ನೋಡಿದರೆ ನಾಯಿ ಆ ರೋಗಿಯನ್ನು ಕಾಯುತ್ತಿದ್ದಂತೆ ಕಂಡಿತಂತೆ. 1916ರಲ್ಲಿ ಓಲ್ಡೆನ್‌ಬುರ್ಗ್ ಎಂಬ ಊರಿನಲ್ಲಿ ಅಂಧ ಸೈನಿಕರಿಗೆ ನಾಯಿಗಳನ್ನು ತರಬೇತಿ ಮಾಡಿಕೊಡುವ ಮೊದಲ ಶಾಲೆ ತೆರೆಯಿತು. 1923ರಲ್ಲಿ ಪೋಟ್ಸ್‌ಡಾಮಿನಲ್ಲಿ ಇನ್ನೊಂದು ದೊಡ್ಡ ಶಾಲೆ ಬಂತು.

ಸ್ವಿಟ್ಜರ್‌ಲೆಂಡಿನಲ್ಲಿ ನಾಯಿಗಳನ್ನು ಸಾಕಿ ಕಲಿಸುತ್ತಿದ್ದ ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ ಪೋಟ್ಸ್‌ಡಾಮಿನ ಶಾಲೆಯನ್ನು ಕಂಡು, 1927ರ ನವೆಂಬರಿನಲ್ಲಿ ಅಮೆರಿಕದ ಒಂದು ವಾರಪತ್ರಿಕೆಗೆ ಲೇಖನ ಬರೆದರು. ಅದನ್ನು ನ್ಯಾಶ್‌ವಿಲ್ ಎಂಬ ಊರಿನ ಮಾರಿಸ್ ಫ್ರ್ಯಾಂಕ್ ಎಂಬ ಯುವಕನಿಗೆ ಅವನ ತಂದೆ ಓದಿ ಹೇಳಿದರು. ಅವನ ಒಂದು ಕಣ್ಣು ಚಿಕ್ಕಂದಿನಲ್ಲಿ ಕುದುರೆ ಸವಾರಿಯಲ್ಲಿ ಹೋಗಿತ್ತು. ಇನ್ನೊಂದು 16ನೆಯ ವಯಸ್ಸಿನಲ್ಲಿ ಮುಷ್ಟಿಕಾಳಗದಲ್ಲಿ ಹೋಯಿತು. ವಿಮೆ ಮಾರಿ ಜೀವನ ಸಾಗಿಸುತ್ತಿದ್ದ ಅವನು ಕೈಹಿಡಿದು ಕರೆದೊಯ್ಯಲು ಹುಡುಗರನ್ನು ಸಂಬಳಕ್ಕೆ ಇಟ್ಟುಕೊಂಡಿದ್ದ. ಹುಡುಗ ಬಂದ ದಿನ ಕೆಲಸ, ಬಾರದ ದಿನ ಇಲ್ಲ. ನನಗೆ ಒಂದು ನಾಯಿ ಕೊಡಿರಿ, ಇಲ್ಲಿಯ ಅಂಧರಿಗೆಲ್ಲ ಈ ದಾರಿ ತೋರಿಸುತ್ತೇನೆ ಎಂದು ಅವನು ಯೂಸ್ಟಿಸರಿಗೆ ಪತ್ರ ಬರೆದ. 1928ರಲ್ಲಿ ಹಡಗು ಹತ್ತಿ ಸ್ವಿಟ್ಜರ್‌ಲೆಂಡಿಗೆ ಹೋದ. ಜೊತೆಗೆ ಯಾರೂ ಇಲ್ಲದ ಕುರುಡನೆಂದು ಹಡಗಿನಲ್ಲಿ ಅವನನ್ನು ಪಾರ್ಸೆಲ್ಲಿನಂತೆ ಒಪ್ಪಿಸಿಕೊಂಡು ಸಾಗಿಸಿದರಂತೆ. ಬರುವಾಗ ಬಡ್ಡಿ ಎಂಬ ಹೆಣ್ಣು ನಾಯಿ ಅವನ ಜೊತೆಗಿತ್ತು. ನ್ಯೂಯಾರ್ಕಿನಲ್ಲಿ ಪತ್ರಿಕೆಯವರ ಎದುರಿನಲ್ಲಿ, ಲಾರಿಗಳೂ ಮೋಟಾರುಗಳೂ ಎಡೆಬಿಡದೆ ಓಡುವ ಒಂದು ಅಗಲವಾದ ರಸ್ತೆಯನ್ನು ಅವನು ಬಡ್ಡಿಯೊಡನೆ ದಾಟಿ ತೋರಿಸಿದ. ಮರುವರ್ಷವೇ, 1929ರಲ್ಲಿ, ‘ಸೀಯಿಂಗ್ ಐ’ ಎಂಬ ಸಂಸ್ಥೆ ಹುಟ್ಟಿತು.

ಆ ಸಂಸ್ಥೆಯ ಒಂದು ಪದ್ಧತಿ ಗಮನಿಸತಕ್ಕದ್ದು. ನಾಯಿಯನ್ನು ಅದು ಪುಕ್ಕಟೆ ಕೊಡಲಿಲ್ಲ. ತರಬೇತಿಗೆ ತಗಲುವ ವೆಚ್ಚ ಬಹಳ ದೊಡ್ಡದು. ಆದರೂ ಮೊದಲ ಸಲ ಬಂದವರಿಂದ 150 ಡಾಲರನ್ನೂ, ಸೈನಿಕರಾಗಿದ್ದವರಿಂದ 1 ಡಾಲರನ್ನೂ ಬಹುಕಾಲ ಪಡೆಯುತ್ತ ಬಂದಿತು. ನಾನು ಬೇಡಿ ತಂದದ್ದಲ್ಲ, ಕೊಟ್ಟು ತಂದದ್ದು ಎಂಬ ಮಾತು ಅವನ ಬಾಯಲ್ಲಿ ಉಳಿಯಬೇಕೆಂಬುದೇ ಇದರ ಉದ್ದೇಶ. ಕೂಲಿಯ ಬೆಲೆ ಬಲ್ಲ ನಮಗೆ ಈ ಮಾತು ಬೇಗ ತಿಳಿಯುತ್ತದೆ.

ಇನ್ನು ನಾಯಿ ಮಾಡುವ ಕೆಲಸ ಯಾವುದು? ದಾರಿಯೆಲ್ಲ ನಾಯಿಗೆ ಗೊತ್ತಿರುತ್ತದೆ, ಅದು ಎಳೆದುಕೊಂಡು ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ದಾರಿ ತಿಳಿದಿರಬೇಕಾದವನು ಮನುಷ್ಯ. ನಾಯಿಯ ಮೈಗೆ ಪಟ್ಟಿ ಕಟ್ಟಿರುತ್ತಾರೆ; ಅದಕ್ಕೆ ಬಗ್ಗದ ಗಟ್ಟಿಯಾದ ಹಿಡಿಯೊಂದು ಇರುತ್ತದೆ. ಅಂಧನು ಆ ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಮುಂದಕ್ಕೆ, ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಾನೆ. ನಾಯಿ ನಡುದಾರಿಯ ಕಂಬವನ್ನೂ ಗುಂಡಿಯನ್ನೂ ನಿಂತ ಸೈಕಲ್ಲನ್ನೂ ಬಳಸಿ ಹೋಗುತ್ತದೆ. ಮೆಟ್ಟಿಲು ಬಂದರೆ ನಿಲ್ಲುತ್ತದೆ. ಕಾಲುದಾರಿಯ ಅಂಚು ಬಂದರೆ ನಿಲ್ಲುತ್ತದೆ. ತನ್ನ ತಲೆಗೆ ತಾಗದಿದ್ದರೂ ಜೊತೆಯವನ ತಲೆಗೆ ತಾಗುವ ಕೊಂಬೆಯನ್ನು ಕೂಡ ಅದು ಲೆಕ್ಕಕ್ಕೆ ತೆಗೆದುಕೊಳ್ಳಲು ಕಲಿತಿರುತ್ತದೆ. ಹಿಡಿಯ ಅಲುಗಾಟದಿಂದಲೇ ಅವನಿಗೆ ಎಲ್ಲವೂ ತಿಳಿಯುತ್ತದೆ. ರಸ್ತೆಯ ಕೆಂಪು ದೀಪ, ಹಸಿರು ದೀಪ ನೋಡಿ ಹೇಳುವುದು ನಾಯಿಯ ಕೆಲಸವಲ್ಲ. ಗಾಡಿಗಳ ಸದ್ದನ್ನು ಆಲಿಸಿ, ಈಗ ದಾಟಬಹುದೆಂದು ನಿರ್ಧರಿಸುವವನು ಮನುಷ್ಯನೇ.

ಅವನ ನಿರ್ಧಾರ ತಪ್ಪಾದರೆ? ಆಗ ನಾಯಿ ಅವನ ಮಾತನ್ನು ಕೇಳುವುದಿಲ್ಲ. ಮುಂದೆ ನಡೆ ಎಂದರೂ, ಗಾಡಿ ನುಗ್ಗಿ ಬರುತ್ತಿದ್ದರೆ ಅದು ಕದಲುವುದಿಲ್ಲ. ಸ್ವಯಂಚಾಲಿತ ಮಗ್ಗದ ಮೇಲೆ ದುಡಿದವರು ಇದನ್ನು ಕೂಡಲೇ ಅರ್ಥ ಮಾಡಿಕೊಳ್ಳುವರು. ಹಾಸಿನ ಒಂದು ಎಳೆ ಕಡಿದರೆ ಅದಕ್ಕೆ ತೂಗುಬಿಟ್ಟ ಸಣ್ಣ ತಗಡು ಕೆಳಗೆ ಬೀಳುತ್ತದೆ, ಮಗ್ಗ ತಾನಾಗಿ ನಿಂತುಬಿಡುತ್ತದೆ. ನೇಕಾರ ಎಷ್ಟೇ ಅವಸರದಲ್ಲಿದ್ದರೂ ಎಳೆ ಕಟ್ಟುವವರೆಗೆ ಅದು ನಡೆಯದು. ಅದರ ಮೇಲೆ ಅವನು ಸಿಟ್ಟಾಗುವುದಿಲ್ಲ. ಬಟ್ಟೆ ಕೆಡದೆ ಉಳಿಯಿತೆಂದು ತಿಳಿಯುತ್ತಾನೆ. ಹೇಳಿದ್ದನ್ನು ಮಾಡುವುದನ್ನು ಯಾವ ನಾಯಿಗೂ ಕಲಿಸಬಹುದು. ಎಲ್ಲಿ ಮಾಡಬಾರದೆಂದು ಕಲಿಸುವುದು ಬಹಳ ಕಷ್ಟ.

ಈ ಕಷ್ಟದಿಂದಲೇ ವೆಚ್ಚವೂ ಹೆಚ್ಚು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ಜಾತಿಯ ಮರಿಗಳನ್ನು ಆರಿಸುತ್ತಾರೆ. ಮೊದಲ ಒಂದು ವರ್ಷ, ಒಂದೂವರೆ ವರ್ಷ ಮರಿ ಒಂದು ಸಂಸಾರದಲ್ಲಿ ಬೆಳೆಯುತ್ತದೆ. ಪೇಟೆ, ಬಸ್ಸು, ಮಕ್ಕಳ ಗಲಾಟೆ, ಅಡುಗೆಯ ವಾಸನೆ, ಎಲ್ಲಕ್ಕೂ ಅದು ಒಗ್ಗಿಕೊಳ್ಳಬೇಕು. ಆಮೇಲೆ ಕೆಲವು ತಿಂಗಳು ಶಾಲೆಯ ತರಬೇತಿ. ಕೊನೆಗೆ ಅಂಧನೂ ನಾಯಿಯೂ ಕೂಡಿ ಕೆಲವು ವಾರ ಒಟ್ಟಿಗೆ ಕಲಿಯುತ್ತಾರೆ. ನಡೆಯ ವೇಗ, ಮೈಯ ಎತ್ತರ, ಸ್ವಭಾವ ಇವುಗಳನ್ನು ನೋಡಿ ಜೋಡಿ ಮಾಡುತ್ತಾರೆ, ನಮ್ಮಲ್ಲಿ ಎತ್ತುಗಳ ಜೋಡಿ ನೋಡಿದ ಹಾಗೆ. ಎಲ್ಲ ಮರಿಗಳೂ ತೇರ್ಗಡೆಯಾಗುವುದಿಲ್ಲ. ತೇರ್ಗಡೆಯಾದ ನಾಯಿ ಎಂಟು ಹತ್ತು ವರ್ಷ ದುಡಿದು ನಿವೃತ್ತಿ ಹೊಂದುತ್ತದೆ. ಅಮೆರಿಕದಲ್ಲಿ ಒಂದು ನಾಯಿಗೆ ಒಟ್ಟು ಹತ್ತಾರು ಸಾವಿರ ಡಾಲರು ಬೀಳುತ್ತದೆ.

ಈಗ ಈ ವಿದ್ಯೆ ಅಂಧರಿಗಷ್ಟೇ ನಿಂತಿಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಗಾಲಿಕುರ್ಚಿಯಲ್ಲಿ ಇರುವವರಿಗಾಗಿ ನಾಯಿಗಳಿಗೆ ಕಲಿಸುವ ಕೆಲಸ ಆರಂಭವಾಯಿತು. ಬಿದ್ದ ಬೀಗದಕೈ ಎತ್ತಿಕೊಡುವುದು, ಹಗ್ಗ ಎಳೆದು ಬಾಗಿಲು ತೆರೆಯುವುದು, ದೀಪದ ಗುಂಡಿ ಒತ್ತುವುದು ಇಂಥವು ಆ ನಾಯಿಗಳ ಕೆಲಸ. 1982ರಲ್ಲಿ ಬ್ರಿಟನ್ನಿನಲ್ಲಿ ಕಿವುಡರಿಗಾಗಿ ನಾಯಿಗಳನ್ನು ಕೊಡುವ ಸಂಸ್ಥೆ ಹುಟ್ಟಿತು. ಬಾಗಿಲು ತಟ್ಟಿದರೆ, ಮಗು ಅತ್ತರೆ, ಬೆಂಕಿಯ ಗಂಟೆ ಬಾರಿಸಿದರೆ ನಾಯಿ ಬಂದು ಮೈ ಮುಟ್ಟಿ ತಿಳಿಸುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಇಳಿದಾಗ ವಾಸನೆಯಿಂದಲೇ ಅರಿತು ಎಚ್ಚರಿಸುವ ನಾಯಿಗಳೂ ಇವೆ. ಆದರೆ ನಾಯಿಯನ್ನು ನಂಬಿ ರಕ್ತ ಪರೀಕ್ಷೆಯನ್ನು ಬಿಡುವಂತಿಲ್ಲ.

ದುಡಿದ ನಾಯಿಗೆ ಗೌರವ ಕೊಡುವುದು ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಕ್ರಿ.ಶ. 949-50ರ ಶಾಸನವೊಂದು ಬೆಂಗಳೂರಿನ ವಸ್ತು ಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು, ಬೇಕಾದುದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ತಾನೂ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದೆ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆದ ಜನ ನಾವು.

ಹಾಗಾದರೆ ಅಹಮದಾಬಾದು, ವಡೋದರಾ, ಸೂರತ್ತುಗಳ ಬೀದಿಗಳಲ್ಲಿ ಅಂಧರು ನಾಯಿಯೊಡನೆ ನಡೆಯುವುದು ನಮ್ಮ ಕಣ್ಣಿಗೆ ಏಕೆ ಬೀಳುವುದಿಲ್ಲ? ಭಾರತದಲ್ಲಿಯೇ ಇಂಥ ನಾಯಿಗಳು ಬಹಳ ವಿರಳ. ವೆಚ್ಚ ಒಂದು ಕಾರಣ. ಇನ್ನೊಂದು, ನಮ್ಮ ಕಾಲುದಾರಿಗಳು. ಕಾಲುದಾರಿಯ ಮೇಲೆ ಅಂಗಡಿ, ಸ್ಕೂಟರು, ತೆರೆದ ಚರಂಡಿ ಇದ್ದರೆ ಅಂಚಿನಲ್ಲಿ ನಿಲ್ಲೆಂದು ಕಲಿಸಿದ ನಾಯಿ ಯಾವ ಅಂಚಿನಲ್ಲಿ ನಿಲ್ಲಬೇಕು? ಬೀದಿನಾಯಿಗಳ ಹಿಂಡು ಮೇಲೆ ಬಿದ್ದರೆ ಕೆಲಸದ ನಾಯಿ ಏನು ಮಾಡಬೇಕು? ಮೇ ತಿಂಗಳ ಇಲ್ಲಿಯ ಬಿಸಿಲಿನಲ್ಲಿ ಡಾಂಬರಿನ ಮೇಲೆ ಅದರ ಪಾದ ಸುಡುವುದಿಲ್ಲವೇ? ರೊಟ್ಟಿ ಎಸೆಯುವ ದಯೆ ಬೀದಿಯಲ್ಲಿ ಧಾರಾಳವಾಗಿದೆ. ಅದೇ ಬೀದಿಯಲ್ಲಿ ಒಬ್ಬ ಅಂಧ ಒಂದು ನಾಯಿಯೊಡನೆ ನೂರು ಹೆಜ್ಜೆ ನಿರ್ಭಯವಾಗಿ ನಡೆಯುವಂತಿಲ್ಲ.

ಆದುದರಿಂದ ನಮ್ಮ ದೇಶದ ಅಂಧರ ಜೊತೆಗಾರ ಹೆಚ್ಚಾಗಿ ಬಿಳಿಯ ಕೋಲು. ಅದಕ್ಕೂ ತರಬೇತಿ ಬೇಕು. ಕೋಲನ್ನು ಎಡಕ್ಕೂ ಬಲಕ್ಕೂ ಬೀಸಿ, ಮುಂದಿನ ಹೆಜ್ಜೆ ಇಡುವ ಜಾಗವನ್ನು ಮೊದಲೇ ಮುಟ್ಟಿ ನೋಡುವ ಈ ವಿಧಾನವನ್ನು ಎರಡನೆಯ ಮಹಾಯುದ್ಧದ ಅಂಧ ಸೈನಿಕರಿಗಾಗಿ ಅಮೆರಿಕದಲ್ಲಿ ರೂಪಿಸಿದರು. ಅಕ್ಟೋಬರ್ 15ನ್ನು ಬಿಳಿಯ ಕೋಲಿನ ದಿನವೆಂದು 1964ರಿಂದ ಆಚರಿಸುತ್ತ ಬಂದಿದ್ದಾರೆ. ನಾಯಿಯಾಗಲಿ ಕೋಲಾಗಲಿ, ತತ್ತ್ವ ಒಂದೇ. ನಡೆಯುವವನು ಅವನೇ, ದಾರಿ ಆರಿಸುವವನೂ ಅವನೇ.

ಈ ತತ್ತ್ವದ ಮೇಲೆ ಕೆಲಸ ಮಾಡಿದ ಸಂಸ್ಥೆ ನಮ್ಮ ಈ ಊರಿನಲ್ಲಿಯೇ ಇದೆ. ವಸ್ತ್ರಾಪುರದ ಅಂಧಜನ ಮಂಡಳಿಯನ್ನು ನಿಮ್ಮಲ್ಲಿ ಕೆಲವರು ಹೊರಗಿನಿಂದಾದರೂ ನೋಡಿರುತ್ತೀರಿ. ತಾವೇ ಅಂಧರಾಗಿದ್ದ ಜಗದೀಶ್ ಪಟೇಲರೂ ಅವರ ಪತ್ನಿ ಭದ್ರಾ ಸತಿಯಾ ಅವರೂ ಅದನ್ನು ಬೆಳೆಸಿದರು. ಅಲ್ಲಿ ಅನ್ನದ ಜೊತೆಗೆ ಕೆಲಸವನ್ನೂ ಕಲಿಸುತ್ತಾರೆ. ಕುರ್ಚಿ ಹೆಣೆಯುವುದರಿಂದ ಹಿಡಿದು ಅಂಗಮರ್ದನ ಚಿಕಿತ್ಸೆ, ಕಂಪ್ಯೂಟರಿನವರೆಗೆ ಅಂಧರು ಕಲಿತು ದುಡಿಯುತ್ತಾರೆ. ಆ ಮಂಡಳಿಯವರು ಕತ್ತಲೆಯ ಕೋಣೆಗಳನ್ನು ಏರ್ಪಡಿಸಿ, ಕಣ್ಣಿದ್ದವರನ್ನು ಅದರೊಳಗೆ ನಡೆಸಿ, ಕತ್ತಲೆಯಲ್ಲಿಯೇ ಊಟಕ್ಕೆ ಕೂಡಿಸಿದರು. ಅಲ್ಲಿ ದಾರಿ ತೋರಿಸುವವರೂ ಬಡಿಸುವವರೂ ಅಂಧರು. ಗಿರಾಕಿ ತಡಕಾಡುತ್ತಾನೆ, ಸಪ್ಲೈಯರ್ ತಟ್ಟೆಯನ್ನು ಸರಿಯಾಗಿ ತಂದಿಡುತ್ತಾನೆ. ಹೋಟೆಲಿನವರಾದ ನಾವು ಯೋಚಿಸಬೇಕಾದ ವಿಷಯ ಇದು.

ನಮ್ಮ ನಾಡಿನಲ್ಲಿಯೂ ಇದಕ್ಕೆ ದೊಡ್ಡ ಉದಾಹರಣೆಯಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಉತ್ತರ ಕರ್ನಾಟಕದ ಗಿರಣಿ ಕಾರ್ಮಿಕರಿಗೆ ಪರಿಚಯಿಸಬೇಕಾಗಿಲ್ಲ. ಅಂಧರಾದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾಗಿ ಅಂಧರೇ ಆದ ಪುಟ್ಟರಾಜ ಗವಾಯಿಗಳು ಅಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಬೇಡುವುದಕ್ಕೆ ಕೈಯೊಡ್ಡಬೇಕಾಗಿದ್ದ ಹುಡುಗರ ಕೈಗೆ ತಬಲಾ, ಪೇಟಿ, ಪಿಟೀಲು ಬಂದವು. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಅವರು ಲಿಂಗೈಕ್ಯರಾದರು. ಗದಗಿನ ತಂಬೂರಿಗೂ ವಸ್ತ್ರಾಪುರದ ಹೆಣಿಗೆಗೂ ನ್ಯಾಶ್‌ವಿಲ್ಲಿನ ಆ ನಾಯಿಗೂ ಸಂಬಂಧವಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇನ್ನು ಬಾಗಿಲಿನ ಮಾತಿಗೆ ಬರುತ್ತೇನೆ. ಮಾರಿಸ್ ಫ್ರ್ಯಾಂಕ್ ರಸ್ತೆ ದಾಟಿದ್ದು ಒಂದೇ ದಿನದಲ್ಲಿ. ಹೋಟೆಲಿನ ಬಾಗಿಲು ದಾಟಲು ಹಲವು ವರ್ಷ ಬೇಕಾಯಿತು. ನಾಯಿಗೆ ಪ್ರವೇಶವಿಲ್ಲ ಎಂಬ ಹಲಗೆ ಎಲ್ಲೆಲ್ಲಿಯೂ ಇತ್ತು. ಅವನೂ ಅವನ ಜೊತೆಯವರೂ ಊರೂರು ತಿರುಗಿ, ಅಧಿಕಾರಿಗಳನ್ನು ಕಂಡು, ವಾದಿಸಿದರು. 1935ರ ಹೊತ್ತಿಗೆ ಅಮೆರಿಕದ ರೈಲು ಕಂಪನಿಗಳು ಒಪ್ಪಿದವು. 1956ರ ಹೊತ್ತಿಗೆ ಅಲ್ಲಿಯ ಎಲ್ಲ ರಾಜ್ಯಗಳಲ್ಲಿಯೂ ಕಾನೂನು ಬಂತು. 1990ರ ಅವರ ಕಾನೂನಿನ ಪ್ರಕಾರ ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು: ಈ ನಾಯಿ ಅಂಗವಿಕಲತೆಯ ಕಾರಣದಿಂದ ಬೇಕಾದದ್ದೇ? ಅದಕ್ಕೆ ಯಾವ ಕೆಲಸ ಕಲಿಸಿದೆ? ಜಪಾನಿನಲ್ಲಿ 2002ರಲ್ಲಿ ಇಂಥದೇ ಕಾನೂನಾಯಿತು. ನಮ್ಮ ದೇಶದ 2016ರ ಕಾನೂನು 21 ಬಗೆಯ ಅಂಗವಿಕಲತೆಯನ್ನು ಗುರುತಿಸಿ, ಆ ಕಾರಣದಿಂದ ಭೇದ ಮಾಡಕೂಡದೆನ್ನುತ್ತದೆ. ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲನ್ನೂ ಕೊಡುತ್ತದೆ.

ಯಕ್ಷಗಾನ ಬಯಲಾಟಗಳನ್ನು ಕಂಡು ಬೆಳೆದ ನಮಗೆ ಬಾಗಿಲಿನ ಈ ಕತೆ ಮೊದಲೇ ಗೊತ್ತು. ಧರ್ಮರಾಯ ಸ್ವರ್ಗದ ಬಾಗಿಲಿಗೆ ಬಂದಾಗ ಜೊತೆಗೆ ಉಳಿದದ್ದು ಒಂದು ನಾಯಿ. ನೀನು ಬಾ, ನಾಯಿಗೆ ಇಲ್ಲಿ ಎಡೆಯಿಲ್ಲ ಎಂದ ಇಂದ್ರ. ಜೊತೆಯಾಗಿ ಬಂದುದನ್ನು ಹೊರಗೆ ಬಿಟ್ಟು ನಾನು ಒಳಗೆ ಬರಲಾರೆ ಎಂದ ಧರ್ಮರಾಯ. ಆ ನಾಯಿ ಯಾರೆಂಬುದು ಆಮೇಲೆ ತಿಳಿಯಿತು. ನಮ್ಮ ಹೋಟೆಲಿನ ಬಾಗಿಲಲ್ಲಿ ನಿಲ್ಲುವ ಸಪ್ಲೈಯರ್ ಒಂದು ದಿನ ಇಂದ್ರನ ಜಾಗದಲ್ಲಿ ನಿಂತಿರಬಹುದು. ಆಗ ಅವನು ಏನು ಹೇಳಬೇಕು?

ಇದಕ್ಕಾಗಿ ನಾಲ್ಕು ಮಾತು ಹೇಳುತ್ತೇನೆ. ಕೆಲಸದ ನಾಯಿ ಜೊತೆಗಿದ್ದರೆ ಒಳಗೆ ಬಿಡಿರಿ. ಅದು ಅಡುಗೆಮನೆಗೆ ಬರುವುದಿಲ್ಲ. ಮೇಜಿನ ಕೆಳಗೆ ಮಲಗಿರುತ್ತದೆ. ಅದನ್ನು ಮುಟ್ಟಕೂಡದು, ಸೀಟಿ ಹಾಕಿ ಕರೆಯಕೂಡದು, ಪ್ರೀತಿಯಿಂದಲೂ ಇಡ್ಲಿಯ ಚೂರು ಹಾಕಕೂಡದು. ಕೆಲಸದಲ್ಲಿರುವ ಮಗ್ಗದ ಬಳಿ ಯಾರೂ ಆಟವಾಡುವುದಿಲ್ಲವಷ್ಟೆ.

ಕೋಲು ಹಿಡಿದು ಬಂದವರನ್ನು ರಟ್ಟೆ ಹಿಡಿದು ಎಳೆಯಬೇಡಿರಿ. ನಾನು ಇಲ್ಲಿಯ ಸಪ್ಲೈಯರ್, ಬೇಕಾದರೆ ನನ್ನ ಮೊಣಕೈ ಹಿಡಿದುಕೊಳ್ಳಿ ಎಂದು ಹೇಳಿರಿ. ತಿಂಡಿಗಳನ್ನೂ ಬೆಲೆಯನ್ನೂ ಓದಿ ಹೇಳಿರಿ. ಏನು ಬೇಕೆಂದು ಅವರನ್ನೇ ಕೇಳಿರಿ. ಜೊತೆಗೆ ಬಂದವರನ್ನು, ಇವರಿಗೆ ಏನು ಕೊಡಲಿ ಎಂದು ಕೇಳುವುದು ದೊಡ್ಡ ಅವಮಾನ. ಇಟ್ಟ ನೀರಿನ ಲೋಟ ಎಲ್ಲಿದೆ, ಬಿಸಿ ಸಾಂಬಾರಿನ ಬಟ್ಟಲು ಯಾವ ಕಡೆಗಿದೆ ಎಂದು ಹೇಳಿ ಹೋಗಿರಿ. ಚಿಲ್ಲರೆ ಕೊಡುವಾಗ ಒಂದೊಂದು ನೋಟನ್ನೂ ಹೆಸರು ಹೇಳಿ ಕೈಗೆ ಕೊಡಿರಿ. 100 ಮತ್ತು 500 ರೂಪಾಯಿಯ ನೋಟಿನ ಮೇಲೆ ಬೆರಳಿಗೆ ಹತ್ತುವ ಗುರುತುಗಳಿವೆ. ನೋಟಿನ ಬೆಲೆ ಓದಿ ಹೇಳುವ ‘ಮನಿ’ ಎಂಬ ಸಾಧನವನ್ನು ರಿಸರ್ವ್ ಬ್ಯಾಂಕು 2020ರಲ್ಲಿ ಮೊಬೈಲಿಗೆ ತಂದಿದೆ. ಆದರೂ ಗಲ್ಲಾದ ಮೇಲೆ ಕುಳಿತವನ ಪ್ರಾಮಾಣಿಕತೆಗೆ ಬದಲಿ ಇಲ್ಲ.

ಮೂರನೆಯದು, ಹಳದಿ ಪಟ್ಟಿ. ಅಹಮದಾಬಾದಿನ ಮೆಟ್ರೋ ನಿಲ್ದಾಣಗಳಲ್ಲಿ, ದೊಡ್ಡ ರೈಲು ನಿಲ್ದಾಣಗಳಲ್ಲಿ ನೆಲದ ಮೇಲೆ ಉಬ್ಬುಗಳಿರುವ ಹಳದಿ ಹಾಸುಗಲ್ಲು ಕಂಡಿರುತ್ತೀರಿ. ಅದು ಅಲಂಕಾರವಲ್ಲ. ಜಪಾನಿನ ಸೇಯಿಚಿ ಮಿಯಾಕೆ ಎಂಬವರು 1965ರಲ್ಲಿ ಅದನ್ನು ಕಂಡುಹಿಡಿದರು. 1967ರಲ್ಲಿ ಒಕಯಾಮಾ ಊರಿನಲ್ಲಿ ಅಂಧರ ಶಾಲೆಯ ಬಳಿ ಮೊದಲು ಹಾಸಿದರು. ಉದ್ದ ಗೆರೆ ಇದ್ದರೆ ನಡೆ ಎಂದರ್ಥ, ಗುಂಡು ಉಬ್ಬು ಇದ್ದರೆ ಎಚ್ಚರ ಎಂದರ್ಥ. ಊರಿಗೆ ಹೋಗುವ ದಿನ ನಾವು ಟ್ರಂಕು, ಚೀಲ, ಹಾಸಿಗೆ ಸುರುಳಿಯನ್ನು ಸರಿಯಾಗಿ ಅದರ ಮೇಲೆಯೇ ಇಟ್ಟು ಕುಳಿತುಕೊಳ್ಳುತ್ತೇವೆ. ಇನ್ನು ಮೇಲೆ ಒಂದು ಮೊಳ ಸರಿದು ಕುಳಿತುಕೊಳ್ಳೋಣ. ಇದಕ್ಕೆ ಕಾಸೂ ಬೇಡ, ಕಾನೂನೂ ಬೇಡ.

ನಾಲ್ಕನೆಯದು ನಮ್ಮ ಮೈಯ ಮಾತು. ಸೂರತ್ತಿನ ಮಗ್ಗದ ಶೆಡ್ಡುಗಳಲ್ಲಿ ದುಡಿಯುವವರು ಎದುರಿಗಿದ್ದವನೊಡನೆಯೂ ಕೂಗಿ ಮಾತಾಡುತ್ತಾರೆ. ಎಂಟು ಗಂಟೆಯ ಕೆಲಸಕ್ಕೆ ಸದ್ದಿನ ಮಿತಿ 90 ಡೆಸಿಬೆಲ್ ಎಂದು ನಿಯಮವಿದೆ. ಸಾಲು ಮಗ್ಗಗಳ ಗದ್ದಲ ಅದನ್ನು ಮೀರುವುದುಂಟು. ಈ ಕಿವುಡು ನಿಧಾನವಾಗಿ ಬರುತ್ತದೆ, ಬಂದ ಮೇಲೆ ಹಿಂತಿರುಗುವುದಿಲ್ಲ. ಕಿವಿಗೆ ಬಿರಡೆ ಹಾಕಿಕೊಂಡರೆ ನಗುವವರು ನಗಲಿ. ಗದ್ದಲದಿಂದ ಬರುವ ಕಿವುಡನ್ನು ಪರಿಹಾರದ ಕಾನೂನು ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಕಿವುಡರಿಗೆ ಸಹಾಯ ಮಾಡುವ ನಾಯಿ ಬ್ರಿಟನ್ನಿನಲ್ಲಿ ಸಿಗುತ್ತದೆ. ನಮ್ಮ ಖಾತೆಯಲ್ಲಿ ಸಿಗುವುದಿಲ್ಲ. ಇರುವ ಕಿವಿಯನ್ನು ಕಾಯ್ದುಕೊಳ್ಳುವುದೇ ನಮಗೆ ಲೇಸು.

ಒಂದು ಸಂಶಯ ನಿಮ್ಮಲ್ಲಿ ಏಳಬಹುದು. ನಾಯಿಯನ್ನು ಒಳಗೆ ಬಿಟ್ಟರೆ ಮಾಲೀಕರು ಬಯ್ಯುವರು, ಬೇರೆ ಗಿರಾಕಿಗಳು ಎದ್ದು ಹೋಗುವರು, ಕೆಲಸ ಹೋದರೆ ಯಾರು ಹೊಣೆ? ಈ ಭಯ ಸುಳ್ಳಲ್ಲ. ಒಬ್ಬ ಮಾಣಿಯ ತಲೆಯ ಮೇಲೆ ಈ ಹೊರೆಯನ್ನು ಹೊರಿಸುವುದು ನ್ಯಾಯವೂ ಅಲ್ಲ. ಆದುದರಿಂದ ಇದು ಸಂಘದ ಕೆಲಸ. ನಮ್ಮ ಸಂಘದವರೇ ಕನ್ನಡ ಹೋಟೆಲುಗಳ ಮಾಲೀಕರನ್ನು ಕಂಡು, ಅಂಧರನ್ನೂ ಗಾಲಿಕುರ್ಚಿಯವರನ್ನೂ ಸಹಾಯದ ನಾಯಿಯನ್ನೂ ತಡೆಯಕೂಡದೆಂದು ಮೊದಲೇ ಒಪ್ಪಿಸಿಕೊಂಡು ಬರಲಿ. ಮಾಲೀಕರಲ್ಲಿ ಬಹುಮಂದಿ ಒಂದು ಕಾಲಕ್ಕೆ ಲೋಟ ತೊಳೆದವರೇ ಆಗಿದ್ದಾರೆ, ಕೇಳಿದರೆ ಇಲ್ಲವೆನ್ನಲಾರರು. ಮೆಟ್ಟಿಲಿನ ಪಕ್ಕದಲ್ಲಿ ಒಂದು ಇಳಿಜಾರು ಹಲಗೆ ಹಾಕಿಸಲು ಎಷ್ಟು ಖರ್ಚಾದೀತು?

1918ರಲ್ಲಿ ಈ ಊರಿನ ಗಿರಣಿ ಕಾರ್ಮಿಕರು ಶೇಕಡಾ 35ರ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ಅಂದು ಮಾಲೀಕರ ಪಕ್ಷದಲ್ಲಿ ಮುಂದಾಳಾಗಿದ್ದವರು ಅದೇ ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ಗಾಂಧೀಜಿಯವರ ಜೊತೆ ನಿಂತವರು ಅವರ ಅಕ್ಕ ಅನಸೂಯಾಬೆನ್. ಎರಡು ವರ್ಷದ ಮೇಲೆ, 1920ರಲ್ಲಿ, ಮಜೂರ್ ಮಹಾಜನ ಸಂಘ ಹುಟ್ಟಿತು. ದಾನವಾಗಿ ಕೊಟ್ಟದ್ದನ್ನು ಕೊಟ್ಟವನು ಯಾವಾಗ ಬೇಕಾದರೂ ನಿಲ್ಲಿಸಬಹುದು, ಹಕ್ಕಾಗಿ ಪಡೆದದ್ದು ನಿಲ್ಲುತ್ತದೆ ಎಂಬ ಪಾಠವನ್ನು ಕಾರ್ಮಿಕರು ಈ ನೆಲದಲ್ಲಿಯೇ ಕಲಿತರು. ನಾವು ನಮಗಾಗಿ ಕೇಳುವುದನ್ನು ಕಣ್ಣಿಲ್ಲದವನು ತನಗಾಗಿ ಕೇಳಿದರೆ ಅದು ಹೆಚ್ಚಾಯಿತೇ?

ಕೊನೆಯದಾಗಿ, ಊರಿನಲ್ಲಿ ನಿಮ್ಮ ಮನೆಯಲ್ಲಿ ಕಣ್ಣು ಕಾಣದ ತಮ್ಮನೋ, ಮಾತು ಬಾರದ ತಂಗಿಯೋ, ಕಾಲಿಲ್ಲದ ಚಿಕ್ಕಪ್ಪನೋ ಇದ್ದರೆ, ಈ ಸಲ ರಜೆಗೆ ಹೋದಾಗ ಅವರನ್ನು ಒಳಕೋಣೆಯಲ್ಲಿ ಬಿಟ್ಟು ಬರಬೇಡಿರಿ. ಸರಕಾರದ ಅಂಗವಿಕಲರ ಗುರುತಿನ ಚೀಟಿ ಮಾಡಿಸಿಕೊಡಿರಿ. ಶಾಲೆ ಎಲ್ಲಿದೆ, ಕಸುಬು ಕಲಿಸುವವರು ಎಲ್ಲಿದ್ದಾರೆ ಎಂದು ವಿಚಾರಿಸಿರಿ. ತಿಂಗಳು ತಿಂಗಳು ಕಳಿಸುವ ಹಣದ ಜೊತೆಗೆ ಇಷ್ಟು ಮಾಡಿದರೆ ಆ ಹಣಕ್ಕೂ ಅರ್ಥ ಬರುತ್ತದೆ.

ಮಾಲೀಕರನ್ನು ಕಾಣುವ ವಿಷಯದಲ್ಲಿ ಸಭೆಯು ಇಂದೇ ಒಂದು ಠರಾವು ಮಾಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸಿಕೊಂಡು, ರಾತ್ರಿ ಪಾಳಿಗೆ ಹೋಗಬೇಕಾದವರನ್ನು ಇನ್ನು ತಡೆಯದೆ, ಇಲ್ಲಿಗೆ ನನ್ನ ಮಾತು ಮುಗಿಸುತ್ತೇನೆ.